ಹೊಸ ಕಾಂಪ್ಯಾಕ್ಟ್ ಸೆಡಾನ್ ಕೊಳ್ಳುವ ಮುಂಚೆ ಎದುರಾಳಿಗಳ ಜೊತೆ ತೂಗಿ ನೋಡುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಹೊಸ ಸೆಡಾನ್ ಒಂದು ಬಂದ ಕೂಡಲೇ ಚರ್ಚೆ ಶುರುವಾಗುತ್ತದೆ. ಇದು ವಾಸಿನಾ, ಅದು ವಾಸಿನಾ? ಬರೀ ಹೆಸರು ಹಿಡಿದು ಹೋಲಿಸಿದರೆ ಎಷ್ಟು ಹೊತ್ತು ಮಾತಾಡಿದರೂ ತೀರ್ಮಾನ ಸಿಗುವುದಿಲ್ಲ, ಯಾಕಂದ್ರೆ ಕೊನೆಗೆ ಮನೆಗೆ ಬರುವುದು ಒಂದು ವೇರಿಯಂಟ್. ಹ್ಯುಂಡೈ ಎಲಾಂಟ್ರಾದ ಏಳನೇ ಪೀಳಿಗೆಯನ್ನೇ ತಗೊಳ್ಳಿ. ಸಾಮಾನ್ಯ ಪೆಟ್ರೋಲ್ ವೇರಿಯಂಟಿನಲ್ಲಿ ಹಿಂದಿನ ಸಸ್ಪೆನ್ಷನ್ ಟಾರ್ಷನ್ ಬೀಮ್ (ಹಿಂದಿನ ಎರಡೂ ಚಕ್ರಗಳನ್ನು ಒಂದೇ ತೊಲೆ ಜೋಡಿಸಿರುತ್ತದೆ), ಅದೇ ಕಾರಿನ ಜೋರಾಗಿ ಓಡುವ ಎನ್ ವೇರಿಯಂಟಿನಲ್ಲಿ ಮಲ್ಟಿ-ಲಿಂಕ್ (ಪ್ರತಿ ಚಕ್ರವೂ ತನ್ನದೇ ಕೊಂಡಿಗಳ ಮೇಲೆ ಬೇರೆಯಾಗಿ ಆಡುತ್ತದೆ). ಫೋಕ್ಸ್‌ವ್ಯಾಗನ್ ಜೆಟ್ಟಾದಲ್ಲೂ ಹೀಗೇ, ಜೋರಾಗಿ ಓಡುವ ಜಿಎಲ್‌ಐಗೆ ಮಾತ್ರ ಮಲ್ಟಿ-ಲಿಂಕ್ ಸಿಗುತ್ತದೆ. ಯಾರಾದರೂ "ಆ ಕಾರು ತಿರುವಲ್ಲಿ ಸೂಪರ್" ಅಂದರೆ ಯಾವ ವೇರಿಯಂಟ್ ಓಡಿಸಿದಿರಿ ಅಂತ ಕೇಳಲೇಬೇಕು.

ಹಾಗಾಗಿ ನನ್ನ ಪದ್ಧತಿ ಇಷ್ಟೇ. ವೇರಿಯಂಟಿಗೆ ವೇರಿಯಂಟ್ ಹೋಲಿಸಿ. ಎಲ್ಲವನ್ನೂ ಒಂದೇ ರಸ್ತೆಯಲ್ಲಿ, ಸಾಧ್ಯವಾದರೆ ಒಂದೇ ದಿನ, ಒಂದೇ ಕ್ರಮದಲ್ಲಿ ನೋಡಿ. ಅದನ್ನು ಹೇಗೆ ಮಾಡಬೇಕು ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಕಾರು ನೋಡುವ ಮುಂಚೆ ನಿಮ್ಮ ಬಳಕೆ ಬರೆದಿಡಿ

ಶೋರೂಮಿಗೆ ಕಾಲಿಟ್ಟ ಮೇಲೆ ಬರೆದರೆ ಉಪಯೋಗವಿಲ್ಲ. ಅಲ್ಲಿ ಹೋದಮೇಲೆ ದೊಡ್ಡ ಪರದೆ, ಸನ್‌ರೂಫ್, ಹೊಳೆಯುವ ಬಣ್ಣ ನೋಡಿ ನಮ್ಮ ಅಗತ್ಯವೇ ಬದಲಾದ ಹಾಗೆ ಅನಿಸುತ್ತದೆ. ಮನೆಯಲ್ಲೇ ಕೂತು ಬರೆಯಿರಿ. ದಿನಾ ಎಷ್ಟು ದೂರ, ಅದರಲ್ಲಿ ಟ್ರಾಫಿಕ್ ಎಷ್ಟು, ಹೆದ್ದಾರಿ ಎಷ್ಟು? ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ, ಎಷ್ಟು ಸಲ? ಮಗುವಿನ ಸೀಟು ಹಾಕಬೇಕಾ? ಮೊಣಕಾಲು ನೋವಿರುವ ಹಿರಿಯರು ಇದ್ದಾರಾ? ರಾತ್ರಿ ಜಾಸ್ತಿ ಓಡಿಸುತ್ತೀರಾ? ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ?

ಕೊನೆಯ ಪ್ರಶ್ನೆಗೆ ಹೆಚ್ಚಿನವರು ಗಮನ ಕೊಡುವುದಿಲ್ಲ. ಮೂರು ವರ್ಷಕ್ಕೆ ಮಾರುವವರಿಗೆ ಮರುಮಾರಾಟದ ಬೆಲೆ ಮುಖ್ಯ. ಹತ್ತು ವರ್ಷ ಇಟ್ಟುಕೊಳ್ಳುವವರು ಗೇರ್‌ಬಾಕ್ಸಿನ ಬಾಳಿಕೆ ಮತ್ತು ಬಿಡಿಭಾಗ ಸಿಗುವುದರ ಬಗ್ಗೆ ಯೋಚಿಸಬೇಕು. ಇಬ್ಬರಿಗೂ ಒಂದೇ ಕಾರು ಸರಿಹೋಗಬೇಕು ಅಂತೇನಿಲ್ಲ.

ಈ ಪಟ್ಟಿಯಿಂದ ಮೂರು ವಿಷಯಗಳಿಗೆ ಗೆರೆ ಎಳೆಯಿರಿ. ಇವು ಇಲ್ಲದಿದ್ದರೆ ಆ ಕಾರು ಬೇಡವೇ ಬೇಡ ಅನ್ನುವಂಥವು. ಮಿಕ್ಕಿದ್ದೆಲ್ಲ ಇದ್ದರೆ ಒಳ್ಳೆಯದು, ಅಷ್ಟೇ.

ಎರಡನೇ ಹೆಜ್ಜೆ: "ಹೊಸದು" ಅಂದರೆ ಎಷ್ಟು ಹೊಸದು?

ಜಾಹೀರಾತಿನಲ್ಲಿ ಎಲ್ಲವೂ ಹೊಸದೇ. ನೀವು ಮೂರು ಭಾಗ ಮಾಡಿ ಕೇಳಿ: ಅಡಿಪಾಯ (ಕಾರನ್ನು ಕಟ್ಟಿದ ಪ್ಲಾಟ್‌ಫಾರ್ಮ್) ಹೊಸದಾ, ಎಂಜಿನ್ ಮತ್ತು ಗೇರ್‌ಬಾಕ್ಸ್ ಹೊಸದಾ, ಅಥವಾ ಬಂಪರ್, ದೀಪ, ಪರದೆ ಮಾತ್ರ ಹೊಸದಾ? ಹೋಂಡಾ ಸಿವಿಕ್‌ನ 11ನೇ ಪೀಳಿಗೆ ಬಂದಿದ್ದು 2021ರಲ್ಲಿ. ಟೊಯೋಟಾ ಕೊರೊಲ್ಲಾದ 12ನೇ ಪೀಳಿಗೆಯೂ ಮಜ್ದಾ3ರ ನಾಲ್ಕನೇ ಪೀಳಿಗೆಯೂ 2018ರಲ್ಲೇ ಬೆಳಕಿಗೆ ಬಂದವು. ಆಮೇಲೆ ಆದ ಚಿಕ್ಕಪುಟ್ಟ ಬದಲಾವಣೆಗಳಿಂದ ಅಡಿಪಾಯದ ವಯಸ್ಸು ಕಮ್ಮಿಯಾಗುವುದಿಲ್ಲ.

ಹಳೆಯ ಅಡಿಪಾಯ ಅಂದರೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಎಷ್ಟೋ ಸಲ ಅದೇ ಒಳ್ಳೆಯದು. ವರ್ಷಗಟ್ಟಲೆ ಓಡಿದ ಎಂಜಿನ್ನಿನ ದೋಷಗಳು ಅಷ್ಟರಲ್ಲಿ ಬಯಲಾಗಿರುತ್ತವೆ, ಮೆಕ್ಯಾನಿಕ್‌ಗಳಿಗೂ ಅದು ಗೊತ್ತಿರುತ್ತದೆ. ಪೂರ್ತಿ ಹೊಸ ಎಂಜಿನ್, ಹೊಸ ಗೇರ್‌ಬಾಕ್ಸ್, ಹೊಸ ಸಾಫ್ಟ್‌ವೇರ್ ಮೂರೂ ಒಟ್ಟಿಗೆ ಬಂದಿದ್ದರೆ ಸ್ವಲ್ಪ ಕಾಲ ಕಾಯುವುದು ಜಾಣತನ. ಕಾಯುವುದಕ್ಕೆ ಆಗದಿದ್ದರೆ ವಾರಂಟಿಯ ಷರತ್ತುಗಳನ್ನು ಇನ್ನೂ ಹುಷಾರಾಗಿ ಓದಬೇಕು.

ಮೂರನೇ ಹೆಜ್ಜೆ: ಎದುರಾಳಿಗಳನ್ನು ಆರಿಸಿಕೊಳ್ಳಿ

ಹೊಸ ಕಾರು ಒಂದು, ಅದರ ಎದುರಾಳಿ ಎರಡು. ಅದಕ್ಕಿಂತ ಜಾಸ್ತಿ ಬೇಡ, ತಲೆ ಕೆಡುತ್ತದೆ. ಒಂದು ಎದುರಾಳಿ ಎಲ್ಲರೂ ಕಣ್ಣುಮುಚ್ಚಿ ಕೊಳ್ಳುವ, ನಂಬಿಕೆ ಗಳಿಸಿದ ಕಾರಾಗಿರಲಿ. ಇನ್ನೊಂದು, ಹೊಸ ಕಾರಿನ ದೊಡ್ಡ ಬಲ ಯಾವುದೋ ಅದರಲ್ಲೇ ಪೈಪೋಟಿ ಕೊಡುವಂಥದ್ದು. ಹೊಸದು ಮೈಲೇಜ್ ಬಗ್ಗೆ ಹೇಳಿಕೊಂಡರೆ ಹೈಬ್ರಿಡ್ (ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಕಾರು) ಒಂದನ್ನು ಎದುರು ನಿಲ್ಲಿಸಿ. ಓಡಿಸುವ ಮಜಾ ಅಂದರೆ ಅದರಲ್ಲಿ ಹೆಸರು ಮಾಡಿದ ಕಾರನ್ನು ತನ್ನಿ.

ಆಮೇಲೆ ಮೂರನ್ನೂ ಒಂದೇ ಮಟ್ಟಕ್ಕೆ ತನ್ನಿ. ಬೆಲೆ ಹತ್ತಿರ ಇರುವ ವೇರಿಯಂಟ್‌ಗಳನ್ನೇ ಎದುರುಬದುರು ಇಡಿ, ತೆರಿಗೆ, ವಿಮೆ, ನೋಂದಣಿ ಎಲ್ಲ ಸೇರಿಸಿದ ಒಟ್ಟು ಬೆಲೆ ನೋಡಿ. ಒಂದರ ಟಾಪ್ ವೇರಿಯಂಟನ್ನು ಇನ್ನೊಂದರ ಬೇಸ್ ವೇರಿಯಂಟಿಗೆ ಹೋಲಿಸಿ "ಇದರಲ್ಲಿ ಎಲ್ಲಾ ಇದೆ" ಅನ್ನುವುದು ಮಾರುವವರ ಲೆಕ್ಕ, ಕೊಳ್ಳುವವರದ್ದಲ್ಲ.

ನಾಲ್ಕನೇ ಹೆಜ್ಜೆ: ಸ್ಪೆಕ್ ಶೀಟ್ ಓದುವುದನ್ನು ಕಲಿಯಿರಿ

ಸ್ಪೆಕ್ ಶೀಟ್, ಅಂದರೆ ಕಂಪನಿ ಕೊಡುವ ತಾಂತ್ರಿಕ ವಿವರಗಳ ಪಟ್ಟಿ, ಸುಳ್ಳು ಹೇಳುವುದಿಲ್ಲ, ಆದರೆ ಪೂರ್ತಿ ನಿಜವನ್ನೂ ಹೇಳುವುದಿಲ್ಲ.

ಶಕ್ತಿಯ ಅಳತೆಯಿಂದ ಶುರು ಮಾಡೋಣ. ಒಂದು ಕಂಪನಿ ಕಿಲೋವ್ಯಾಟ್‌ನಲ್ಲಿ ಕೊಟ್ಟಿರುತ್ತದೆ, ಇನ್ನೊಂದು ಪಿಎಸ್, ಮತ್ತೊಂದು ಎಚ್‌ಪಿ. 110 ಕಿಲೋವ್ಯಾಟ್, 150 ಪಿಎಸ್, 148 ಎಚ್‌ಪಿ ಮೂರೂ ಹೆಚ್ಚುಕಮ್ಮಿ ಒಂದೇ. ಮೊದಲು ಒಂದೇ ಅಳತೆಗೆ ತಂದು, ಆಮೇಲೆ ಕಾರಿನ ತೂಕದಿಂದ ಭಾಗಿಸಿ. 1,250 ಕಿಲೋ ತೂಕದ 120 ಪಿಎಸ್ ಕಾರು, 1,450 ಕಿಲೋ ತೂಕದ 130 ಪಿಎಸ್ ಕಾರಿಗಿಂತ ಚುರುಕಾಗಿರುವ ಸಾಧ್ಯತೆಯೇ ಜಾಸ್ತಿ.

ದಿನನಿತ್ಯದ ಓಡಾಟಕ್ಕೆ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) ಎಷ್ಟು ಅನ್ನುವಷ್ಟೇ ಮುಖ್ಯವಾದದ್ದು ಅದು ಎಷ್ಟು ಆರ್‌ಪಿಎಂಗೆ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿದಾಗ, ಸಿಗುತ್ತದೆ ಅನ್ನುವುದು. ಟರ್ಬೊ ಎಂಜಿನ್ನಿನಲ್ಲಿ ಗರಿಷ್ಠ ಟಾರ್ಕ್ 1,500ರ ಆಸುಪಾಸಿನಲ್ಲೇ ಸಿಗಬಹುದು, ಟರ್ಬೊ ಇಲ್ಲದ ಎಂಜಿನ್ನಿನಲ್ಲಿ 4,000ದ ಮೇಲೆ ಹೋಗಬೇಕಾಗಬಹುದು. ಅಂಥ ಎಂಜಿನ್ನನ್ನು ತುಂಬಿದ ಕಾರಿನಲ್ಲಿ ಏರು ಹತ್ತಿಸುವಾಗ ಜೋರಾಗಿ ಕೂಗಿಸಬೇಕು. ಹಾಗಂತ ಟರ್ಬೊನೇ ಮೇಲು ಅಂತಲ್ಲ. ಟರ್ಬೊ ಇಲ್ಲದ್ದು ಸರಳ, ಆಕ್ಸಿಲರೇಟರ್ ಒತ್ತಿದಷ್ಟೇ ಉತ್ತರ ಕೊಡುತ್ತದೆ.

ಗೇರ್‌ಬಾಕ್ಸ್ ವಿಷಯದಲ್ಲಿ "ಆಟೋಮ್ಯಾಟಿಕ್" ಅನ್ನುವ ಒಂದೇ ಪದಕ್ಕೆ ತೃಪ್ತರಾಗಬೇಡಿ. ಟಾರ್ಕ್ ಕನ್ವರ್ಟರ್ (ದ್ರವದ ಮೂಲಕ ಶಕ್ತಿ ದಾಟಿಸುವ ಬಗೆ) ನಯವಾಗಿ ಹೊರಡುತ್ತದೆ. ಸಿವಿಟಿ (ಗೇರುಗಳ ಬದಲು ಬೆಲ್ಟ್ ಇರುವ ಬಗೆ) ಊರೊಳಗೆ ಹಿತ, ಆದರೆ ಜೋರಾಗಿ ಒತ್ತಿದಾಗ ಸದ್ದು ಮುಂದೆ, ವೇಗ ಹಿಂದೆ ಅನಿಸುತ್ತದೆ. ಡ್ಯುಯಲ್ ಕ್ಲಚ್ (ಎರಡು ಕ್ಲಚ್ ಇರುವ ಬಗೆ) ಓಡುವಾಗ ಚುರುಕು. ಆದರೆ ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ ಇರುವಂಥದ್ದು ತೆವಳುವ ಟ್ರಾಫಿಕ್ಕಿನಲ್ಲಿ ಬಿಸಿಯಾಗಿ ಜರ್ಕ್ ಹೊಡೆಯಬಹುದು. ಹೈಬ್ರಿಡ್‌ಗಳಲ್ಲೂ ಇದೇ ಕತೆ. ಕೊರೊಲ್ಲಾ ಹೈಬ್ರಿಡ್‌ನಲ್ಲಿ ಇ-ಸಿವಿಟಿ ಅಂತ ಕರೆದರೂ ಒಳಗೆ ಬೆಲ್ಟ್ ಇಲ್ಲ, ಪ್ಲಾನೆಟರಿ ಗೇರ್ ಮತ್ತು ಮೋಟಾರುಗಳಿವೆ. ಸಿವಿಕ್ ಹೈಬ್ರಿಡ್‌ನಲ್ಲಿ ಬಹುಪಾಲು ಹೊತ್ತು ಮೋಟಾರೇ ಚಕ್ರ ತಿರುಗಿಸುತ್ತದೆ, ಎಂಜಿನ್ ಜನರೇಟರ್ ಕೆಲಸ ಮಾಡುತ್ತದೆ. ಎಲಾಂಟ್ರಾ ಹೈಬ್ರಿಡ್‌ನಲ್ಲಿರುವುದು 6 ಗೇರುಗಳ ಡ್ಯುಯಲ್ ಕ್ಲಚ್. ಮೂರಕ್ಕೂ "ಹೈಬ್ರಿಡ್ ಆಟೋಮ್ಯಾಟಿಕ್" ಅಂತಲೇ ಬರೆದಿರಬಹುದು, ಓಡಿಸಿದಾಗ ಮೂರೂ ಬೇರೆ ಬೇರೆ.

ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) ನೋಡಿ ಒಳಗಿನ ಜಾಗ ಅಳೆಯಬೇಡಿ. ಮಜ್ದಾ3ರದ್ದು 2,725 ಮಿಲಿಮೀಟರ್, ಕೊರೊಲ್ಲಾ ಸೆಡಾನಿನದ್ದು 2,700. ಸಿವಿಕ್‌ನದ್ದು ಮಜ್ದಾಗಿಂತ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಜಾಸ್ತಿ. ಆದರೂ ಹಿಂದಿನ ಸೀಟಿನಲ್ಲಿ ಕೂತರೆ ಮಜ್ದಾ ಇಕ್ಕಟ್ಟು, ಸಿವಿಕ್ ವಿಶಾಲ.

ಟೈರಿನ ಅಳತೆಯನ್ನು ಮಾತ್ರ ದಯವಿಟ್ಟು ಲೆಕ್ಕ ಹಾಕಿ ನೋಡಿ, ಇದರಲ್ಲಿ ತುಂಬಾ ಮಾಹಿತಿ ಅಡಗಿದೆ. 205/55 ಆರ್16 ಅಂದರೆ ಟೈರಿನ ಅಗಲ 205 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇ. 55, ಅಂದರೆ ಸುಮಾರು 113 ಮಿಲಿಮೀಟರ್; ಕೊನೆಯ 16 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಅದೇ ಕಾರಿನ ಟಾಪ್ ವೇರಿಯಂಟಿಗೆ 225/40 ಆರ್18 ಹಾಕಿದ್ದರೆ ಗೋಡೆ 90 ಮಿಲಿಮೀಟರ್ ಮಾತ್ರ. ಗುಂಡಿಗೆ ಬಿದ್ದಾಗ ಪೆಟ್ಟು ತಡೆಯುವ ರಬ್ಬರು 2 ಸೆಂಟಿಮೀಟರಿಗಿಂತ ಜಾಸ್ತಿ ಕಮ್ಮಿಯಾಯಿತು ಅಂತಾಯ್ತು. ರಿಮ್ ಬಾಗುವ ಭಯ ಜಾಸ್ತಿ, ಟೈರ್ ಬದಲಾಯಿಸುವ ಖರ್ಚೂ ಜಾಸ್ತಿ. ಕೆಟ್ಟ ರಸ್ತೆಯಲ್ಲೇ ದಿನಾ ಓಡಾಡುವವರು ಚಿಕ್ಕ ರಿಮ್ಮಿನ ವೇರಿಯಂಟನ್ನು ಕಣ್ಮುಚ್ಚಿ ಆರಿಸಬಹುದು.

ಮೈಲೇಜ್ ಅಂಕಿಯ ಬಗ್ಗೆ ಎರಡು ಮಾತು. ಮೊದಲನೆಯದು, ಎರಡೂ ಅಂಕಿ ಒಂದೇ ಪರೀಕ್ಷೆಯವಾ ನೋಡಿ. ಯುರೋಪಿನಲ್ಲಿ 2017ರಿಂದ ಜಾರಿಗೆ ಬಂದ ಡಬ್ಲ್ಯುಎಲ್‌ಟಿಪಿ ಪರೀಕ್ಷೆ ಸುಮಾರು 23 ಕಿಲೋಮೀಟರ್ ಓಟದ್ದು. ಅದಕ್ಕೂ ಮುಂಚಿನ ಎನ್‌ಇಡಿಸಿ 11 ಕಿಲೋಮೀಟರಿನದ್ದು, ತುಂಬಾ ಮೃದು. ಎರಡೂ ಪ್ರಯೋಗಾಲಯದ ರೋಲರ್ ಮೇಲೆ, ಎಸಿ ಆಫ್ ಮಾಡಿ ನಡೆಸುವಂಥವು. ಅದೇ ಅಂಕಿ ರಸ್ತೆಯಲ್ಲಿ ಬರುತ್ತದೆ ಅಂದುಕೊಳ್ಳಬೇಡಿ. ಒಂದೇ ಪರೀಕ್ಷೆಯ ಅಂಕಿಗಳನ್ನು ಒಂದಕ್ಕೊಂದು ಹೋಲಿಸುವುದಕ್ಕೆ ಮಾತ್ರ ಬಳಸಿ.

ಎರಡನೆಯದು, ಲೀಟರಿಗೆ ಎಷ್ಟು ಕಿಲೋಮೀಟರ್ ಅನ್ನುವ ಲೆಕ್ಕ ನಮ್ಮನ್ನು ಏಮಾರಿಸುತ್ತದೆ. 1,000 ಕಿಲೋಮೀಟರಿಗೆ, 10ರ ಮೈಲೇಜ್ ಕೊಡುವ ಕಾರು 100 ಲೀಟರ್ ಕುಡಿಯುತ್ತದೆ, 12 ಕೊಡುವುದು ಸುಮಾರು 83. ಉಳಿತಾಯ 17 ಲೀಟರ್. ಅದೇ 20 ಕೊಡುವ ಕಾರು 50 ಲೀಟರ್, 22 ಕೊಡುವುದು 45 ಚಿಲ್ಲರೆ. ಉಳಿತಾಯ ಐದು ಲೀಟರೂ ಇಲ್ಲ. ಎರಡು ಕಡೆಯೂ ವ್ಯತ್ಯಾಸ ಎರಡೇ ಅಂತ ಕಾಣುತ್ತದೆ, ಅಲ್ವಾ? ಅದಕ್ಕೇ ಯಾವಾಗಲೂ ನೀವು ವರ್ಷಕ್ಕೆ ಓಡಿಸುವ ದೂರಕ್ಕೆ ಎಷ್ಟು ಲೀಟರ್ ಬೇಕು ಅಂತ ಲೆಕ್ಕ ಹಾಕಿ.

ಐದನೇ ಹೆಜ್ಜೆ: ಸ್ಟಾರ್ ಎಷ್ಟು ಅನ್ನುವುದರ ಜೊತೆ ಯಾವ ವರ್ಷದ್ದು ಅಂತಲೂ ನೋಡಿ

ಕಾರುಗಳನ್ನು ಗುದ್ದಿಸಿ ಸುರಕ್ಷತೆಗೆ ಸ್ಟಾರ್ ಕೊಡುವ ಯುರೋಪಿನ ಸಂಸ್ಥೆ ಯುರೋ ಎನ್‌ಸಿಎಪಿಯಲ್ಲಿ ಮಜ್ದಾ3, ಕೊರೊಲ್ಲಾ ಎರಡೂ 2019ರಲ್ಲಿ 5 ಸ್ಟಾರ್ ಪಡೆದವು. ಸಿವಿಕ್ 2022ರಲ್ಲಿ 5 ಸ್ಟಾರ್ ಪಡೆಯಿತು. ಮೂರೂ ಸಮ ಅಂತ ಹೇಳುವ ಹಾಗಿಲ್ಲ, ಯಾಕಂದ್ರೆ ನಡುವೆ 2020ರಲ್ಲಿ ಪರೀಕ್ಷೆಯೇ ಬದಲಾಯಿತು. ಅಲ್ಲಿಯವರೆಗೆ ಕಾರನ್ನು 64 ಕಿಲೋಮೀಟರ್ ವೇಗದಲ್ಲಿ ನಿಂತ ಅಡ್ಡಗೋಡೆಗೆ ಗುದ್ದಿಸುತ್ತಿದ್ದರು. ಆಮೇಲೆ ಕಾರೂ 50ರ ವೇಗದಲ್ಲಿ, ಎದುರಿನಿಂದ 1,400 ಕಿಲೋ ತೂಕದ ಟ್ರಾಲಿಯೂ 50ರ ವೇಗದಲ್ಲಿ ಬಂದು ಗುದ್ದುವ ಹಾಗೆ ಮಾಡಿದರು. ಅಮೆರಿಕದಲ್ಲಿ ಇಂಥದ್ದೇ ಪರೀಕ್ಷೆ ಮಾಡುವ ಐಐಎಚ್‌ಎಸ್ ಸಂಸ್ಥೆ 2012ರಿಂದ ಮುಂಭಾಗದ ಮೂಲೆಯ ಶೇ. 25ರಷ್ಟು ಜಾಗ ಮಾತ್ರ ತಾಗುವ ಪರೀಕ್ಷೆ ಮಾಡುತ್ತಿದೆ, ಅದು ಇನ್ನೊಂದು ಬಗೆಯ ಕಠಿಣ ಪರೀಕ್ಷೆ. ಗ್ಲೋಬಲ್ ಎನ್‌ಸಿಎಪಿ ಅನ್ನುವ ಇನ್ನೊಂದು ಸಂಸ್ಥೆಯೂ 2022ರಲ್ಲಿ ನಿಯಮ ಬಿಗಿ ಮಾಡಿ, ಹೆಚ್ಚು ಸ್ಟಾರ್ ಬೇಕಾದರೆ ಇಎಸ್‌ಸಿ (ಕಾರು ಜಾರತೊಡಗಿದಾಗ ತಾನಾಗಿ ಬ್ರೇಕ್ ಹಾಕಿ ಹಿಡಿತಕ್ಕೆ ತರುವ ವ್ಯವಸ್ಥೆ) ಇರಲೇಬೇಕು ಅಂದಿತು.

ಅದಕ್ಕೇ ಮೂರು ಪ್ರಶ್ನೆ ಕೇಳಿ. ಯಾವ ಸಂಸ್ಥೆ? ಯಾವ ವರ್ಷ? ಗುದ್ದಿಸಿದ ಕಾರಿನಲ್ಲಿದ್ದ ಏರ್‌ಬ್ಯಾಗುಗಳೇ ನಾನು ಕೊಳ್ಳುವ ವೇರಿಯಂಟಿನಲ್ಲೂ ಇವೆಯಾ? ಒಂದೇ ಹೆಸರಿನ ಕಾರು ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಸಾಮಾನಿನ ಜೊತೆ ಮಾರಾಟವಾಗುತ್ತದೆ. ಒಂದು ದೇಶದ ಸ್ಟಾರನ್ನು ಇನ್ನೊಂದು ದೇಶದ ಕಾರಿಗೆ ಅಂಟಿಸುವ ಹಾಗಿಲ್ಲ.

ನನ್ನ ಮಟ್ಟಿಗೆ ಇಎಸ್‌ಸಿ ಇಲ್ಲದ, ಅಕ್ಕಪಕ್ಕ ಮತ್ತು ಕರ್ಟನ್ (ಕಿಟಕಿಗೆ ಪರದೆಯ ಹಾಗೆ ಇಳಿಯುವ) ಏರ್‌ಬ್ಯಾಗ್ ಇಲ್ಲದ, ಹಿಂದಿನ ಮಧ್ಯದ ಸೀಟಿಗೆ ಮೂರು ಪಾಯಿಂಟಿನ ಬೆಲ್ಟ್ ಇಲ್ಲದ ವೇರಿಯಂಟ್ ಪಟ್ಟಿಯಿಂದ ಹೊರಗೆ. ಇದರಲ್ಲಿ ಚೌಕಾಸಿ ಬೇಡ. ಸನ್‌ರೂಫ್ ಬಿಟ್ಟುಬಿಡಿ, ಇವನ್ನು ಬಿಡಬೇಡಿ.

ಆರನೇ ಹೆಜ್ಜೆ: ನಿಂತ ಕಾರಿನಲ್ಲಿ ಸಾಕಷ್ಟು ಹೊತ್ತು ಕಳೆಯಿರಿ

ಟೆಸ್ಟ್ ಡ್ರೈವ್‌ಗಿಂತ ಮುಂಚೆ ಇದು. ಸೇಲ್ಸ್‌ನವರು ಅವಸರ ಮಾಡಿದರೂ ನೀವು ಮಾಡಬೇಡಿ.

ಮೊದಲು ಡ್ರೈವರ್ ಸೀಟನ್ನು ನಿಮಗೆ ಸರಿಯಾಗಿ ಹೊಂದಿಸಿಕೊಳ್ಳಿ, ಆಮೇಲೆ ಇಳಿದು ನೇರ ಅದರ ಹಿಂದಿನ ಸೀಟಿಗೆ ಹೋಗಿ. ಸೆಡಾನಿನ ಛಾವಣಿ ಹಿಂದಕ್ಕೆ ಇಳಿಜಾರಾಗಿರುವುದರಿಂದ ಹತ್ತುವಾಗ ತಲೆ ಎಷ್ಟು ಬಗ್ಗಿಸಬೇಕಾಯಿತು ಗಮನಿಸಿ. ಸೊಂಟವನ್ನು ಪೂರ್ತಿ ಹಿಂದಕ್ಕೆ ಒತ್ತಿ ಕೂತುಕೊಳ್ಳಿ. ಜಾರಿ ಕೂತರೆ ಎಲ್ಲಾ ಕಾರಿನಲ್ಲೂ ತಲೆಗೆ ಜಾಗ ಸಿಗುತ್ತದೆ! ಈಗ ತೊಡೆ ನೋಡಿ. ಸೀಟು ತಗ್ಗಿನಲ್ಲಿದ್ದು ಮೊಣಕಾಲು ಮೇಲಕ್ಕೆ ಎದ್ದಿದ್ದರೆ ತೊಡೆಗೂ ಸೀಟಿಗೂ ನಡುವೆ ಕೈ ತೂರುವಷ್ಟು ಸಂದಿ ಇರುತ್ತದೆ. ಅಂಥ ಸೀಟಿನಲ್ಲಿ ಮೊಣಕಾಲಿನ ಮುಂದೆ ಎಷ್ಟೇ ಜಾಗ ಇದ್ದರೂ ದೂರದ ಪ್ರಯಾಣಕ್ಕೆ ಸೊಂಟ ಹಿಡಿಯುತ್ತದೆ. ಪಾದ ಮುಂದಿನ ಸೀಟಿನ ಕೆಳಗೆ ಹೋಗುತ್ತದಾ? ಮಧ್ಯದಲ್ಲಿ ಕೂರುವವರ ಕಾಲಿಗೆ ನೆಲದ ಉಬ್ಬು ಅಡ್ಡ ಬರುತ್ತದಾ? ಮನೆಯ ಹಿರಿಯರನ್ನು ಜೊತೆಗೇ ಕರೆದುಕೊಂಡು ಹೋಗಿ, ಅವರು ಎರಡು ಮೂರು ಸಲ ಹತ್ತಿ ಇಳಿಯಲಿ. ಅವರ ಮುಖ ನೋಡಿದರೆ ಉತ್ತರ ಗೊತ್ತಾಗುತ್ತದೆ.

ಮಗುವಿನ ಸೀಟು ಇದ್ದರೆ ಅದನ್ನೇ ತಗೊಂಡು ಹೋಗಿ ಕೂರಿಸಿ ನೋಡಿ. ಮಗುವಿನ ಸೀಟನ್ನು ಕಾರಿಗೆ ಬಿಗಿಯುವ ಐಸೊಫಿಕ್ಸ್ ಕೊಂಡಿಗಳು ಸುಲಭವಾಗಿ ಕೈಗೆ ಸಿಗಬೇಕು. ಹಿಮ್ಮುಖವಾಗಿ ಕೂರಿಸುವ ಸೀಟಾದರೆ ಮುಂದಿನವರು ಎಷ್ಟು ಮುಂದೆ ಸರಿಯಬೇಕಾಗುತ್ತದೆ ಅನ್ನುವುದು ಬ್ರೋಷರಿನಲ್ಲಿ ಎಲ್ಲೂ ಸಿಗುವುದಿಲ್ಲ.

ಇನ್ನು ಡಿಕ್ಕಿ. ಸೆಡಾನ್ ಕೊಳ್ಳುವುದೇ ಅರ್ಧ ಅದಕ್ಕಾಗಿ. ಲೀಟರ್ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ಜರ್ಮನಿಯ ವಿಡಿಎ ಪದ್ಧತಿಯಲ್ಲಿ 200×100×50 ಮಿಲಿಮೀಟರಿನ, ಅಂದರೆ ಒಂದೊಂದು ಲೀಟರಿನ ಚಿಕ್ಕ ಪೆಟ್ಟಿಗೆಗಳನ್ನು ಜೋಡಿಸಿ ಎಣಿಸುತ್ತಾರೆ. ಮೂಲೆ ಮೂಲೆಗೂ ತೂರುವ ಪೆಟ್ಟಿಗೆಗಳವು, ನಿಮ್ಮ ದೊಡ್ಡ ಸೂಟ್‌ಕೇಸ್ ಹಾಗೆ ತೂರುವುದಿಲ್ಲ. ಡಿಕ್ಕಿಯ ಬಾಯಿ ಎಷ್ಟು ಅಗಲ, ಅಂಚು ನೆಲದಿಂದ ಎಷ್ಟು ಎತ್ತರ, ಒಳಗಿನ ಆಳ ಎಷ್ಟು ನೋಡಿ. ಮುಚ್ಚಳದ ಕೀಲನ್ನು ತಪ್ಪದೆ ನೋಡಿ. ಹಲವು ಸೆಡಾನ್‌ಗಳಲ್ಲಿ ಅದು ಬಾತುಕೋಳಿಯ ಕತ್ತಿನ ಹಾಗೆ ಬಾಗಿರುತ್ತದೆ, ಮುಚ್ಚುವಾಗ ಪೂರ್ತಿ ಒಳಕ್ಕೆ ಇಳಿದು ಸಾಮಾನಿನ ಮೇಲೆ ಒತ್ತುತ್ತದೆ. ಮನೆಯ ಅತಿ ದೊಡ್ಡ ಸೂಟ್‌ಕೇಸ್ ತಂದು ಇಟ್ಟು, ಮುಚ್ಚಳ ಹಾಕಿ ನೋಡುವುದೇ ಸರಿಯಾದ ಪರೀಕ್ಷೆ. ಹಾಗೇ ಕೆಳಗಿನ ಹಲಗೆ ಎತ್ತಿ ಸ್ಟೆಪ್ನಿ ಇದೆಯಾ, ಪೂರ್ತಿ ಅಳತೆಯದ್ದಾ, ಅಥವಾ ಬರೀ ಪಂಕ್ಚರ್ ಕಿಟ್ಟಾ ಅಂತ ನೋಡಿ.

ಕೊನೆಗೆ ಡ್ರೈವರ್ ಸೀಟಿನಿಂದ ಹಿಂದೆ ತಿರುಗಿ ನೋಡಿ. ಹಿಂದಿನ ಕಂಬ ದಪ್ಪವಾಗಿದ್ದು ಗಾಜು ಚಿಕ್ಕದಿದ್ದರೆ ಕ್ಯಾಮೆರಾ ಮೇಲೇ ಬದುಕಬೇಕು. ಎಸಿ ತಾಪಮಾನ, ಮಂಜು ತೆಗೆಯುವ ಗುಂಡಿ, ವಾಲ್ಯೂಮ್ ಇವಕ್ಕೆ ಕೈಗೆ ಸಿಗುವ ಗುಂಡಿ ಇವೆಯಾ ಅಥವಾ ಪರದೆಯೊಳಗೆ ಹುಡುಕಬೇಕಾ? ಇಂಡಿಕೇಟರ್, ವೈಪರ್, ಹಾರ್ನ್ ಥರದ ಮುಖ್ಯ ಕೆಲಸಗಳಿಗೆ ನಿಜವಾದ ಗುಂಡಿಗಳು ಇರಬೇಕು ಅಂತ ಯುರೋ ಎನ್‌ಸಿಎಪಿ ಕೂಡ 2026ರಿಂದ ಪರಿಗಣಿಸುವುದಾಗಿ ಹೇಳಿದೆ. ಕಣ್ಣು ರಸ್ತೆ ಮೇಲಿರಬೇಕು ಅನ್ನುವುದು ಅಷ್ಟು ಮುಖ್ಯ.

ಏಳನೇ ಹೆಜ್ಜೆ: ಓಡಿಸುವಾಗ ದಾರಿ ನೀವು ಆರಿಸಿ

ಶೋರೂಮಿನವರು ತೋರಿಸುವ ನುಣುಪು ರಸ್ತೆಯಲ್ಲಿ ಎಲ್ಲಾ ಕಾರೂ ಚೆನ್ನಾಗಿ ಓಡುತ್ತದೆ. ನಿಮ್ಮ ದಾರಿಯಲ್ಲಿ ಟ್ರಾಫಿಕ್, ಕೆಟ್ಟ ರಸ್ತೆ, ಹಂಪ್, ಏರು, ಸ್ವಲ್ಪ ಹೆದ್ದಾರಿ, ಒಂದು ಯೂ ಟರ್ನ್, ಒಂದು ಪಾರ್ಕಿಂಗ್ ಇರಲಿ. ಮೂರೂ ಕಾರನ್ನು ಅದೇ ದಾರಿಯಲ್ಲಿ, ಅಷ್ಟೇ ಜನರನ್ನು ಕೂರಿಸಿ, ಎಸಿ ಹಾಕಿ ಓಡಿಸಿ. ಹೊರಡುವ ಮುಂಚೆ ಟೈರಿನ ಗಾಳಿ ಪರೀಕ್ಷಿಸಿ, ಬಾಗಿಲ ಕಂಬದ ಮೇಲಿನ ಸ್ಟಿಕ್ಕರ್‌ನಲ್ಲಿ ಬರೆದಷ್ಟೇ ಇರಬೇಕು. ಗಾಳಿ ಜಾಸ್ತಿ ಇದ್ದರೆ ಒಳ್ಳೆಯ ಸಸ್ಪೆನ್ಷನ್ ಕೂಡ ಒರಟು ಅನಿಸುತ್ತದೆ, ಆಗ ಹೋಲಿಕೆಯೇ ತಪ್ಪುತ್ತದೆ.

ಮ್ಯೂಸಿಕ್ ಹಾಕಬೇಡಿ. ಸೇಲ್ಸ್‌ನವರು ಸ್ಪೀಕರ್ ಹೊಗಳುತ್ತಾ ಹಾಡು ಹಾಕಿದರೆ ನಯವಾಗಿ ಆಫ್ ಮಾಡಿಸಿ. ನಿಧಾನವಾಗಿ ಕೆಟ್ಟ ರಸ್ತೆಯಲ್ಲಿ ಹೋಗುವಾಗ ಡ್ಯಾಶ್‌ಬೋರ್ಡ್‌ನಿಂದ ಕಿರಿಕಿರಿ ಬರುತ್ತದಾ, ಹಿಂದಿನ ಚಕ್ರ ಗುಂಡಿಗೆ ಬಿದ್ದಾಗ ಧಡ್ ಅನ್ನುತ್ತದಾ ಕೇಳಿಸಿಕೊಳ್ಳಿ. ಹಿಂದೆ ಕೂತವರನ್ನೂ ಕೇಳಿ, ಸಸ್ಪೆನ್ಷನ್ ವಿಷಯದಲ್ಲಿ ಅವರ ಮಾತಿಗೇ ಬೆಲೆ ಜಾಸ್ತಿ. ಮಜ್ದಾ3 ನಾಲ್ಕನೇ ಪೀಳಿಗೆಯಲ್ಲಿ ಮಲ್ಟಿ-ಲಿಂಕ್ ಬಿಟ್ಟು ಟಾರ್ಷನ್ ಬೀಮ್‌ಗೆ ಬಂತು. ಆದರೂ ತಿರುವುಗಳಲ್ಲಿ ಅದರ ಹೆಸರು ಹಾಳಾಗಲಿಲ್ಲ. ಹಾಗಾಗಿ ಕಾಗದದ ಮೇಲಿನ ಹೆಸರು ನೋಡಿ ಮೊದಲೇ ತೀರ್ಪು ಕೊಡಬೇಡಿ.

ಟ್ರಾಫಿಕ್ಕಿನಲ್ಲಿ ಬ್ರೇಕ್ ಬಿಟ್ಟಾಗ ಕಾರು ತಾನಾಗಿ ಎಷ್ಟು ನಯವಾಗಿ ತೆವಳುತ್ತದೆ ನೋಡಿ. 30ರ ವೇಗದಲ್ಲಿ ನಿಧಾನ ಮಾಡಿ, ತಟ್ಟನೆ ಮತ್ತೆ ಒತ್ತಿ. ಗೇರ್‌ಬಾಕ್ಸ್ ಗೊಂದಲಕ್ಕೆ ಬೀಳುವುದು ಇಲ್ಲೇ. ಏರಿನಲ್ಲಿ ನಿಲ್ಲಿಸಿ ಹೊರಡಿ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಪಕ್ಕದವರ ಜೊತೆ ಸಹಜ ದನಿಯಲ್ಲಿ ಮಾತಾಡಿ, ದನಿ ಏರಿಸಬೇಕಾದರೆ ಟೈರಿನ ಮತ್ತು ಗಾಳಿಯ ಸದ್ದು ಜಾಸ್ತಿ ಅಂತ ಅರ್ಥ. ಹೈಬ್ರಿಡ್ ಆದರೆ ಬ್ರೇಕ್ ಪೆಡಲ್ ಮೇಲೆ ವಿಶೇಷ ಗಮನ ಇರಲಿ. ಮೋಟಾರಿನಿಂದ ಸಾಮಾನ್ಯ ಬ್ರೇಕಿಗೆ ಬದಲಾಗುವಾಗ ಕೆಲವು ಕಾರುಗಳಲ್ಲಿ ಪೆಡಲಿನ ಅನುಭವ ಬೇರೆಯಾಗುತ್ತದೆ.

ಎಲ್ಲರೂ ಕೂತಿರುವಾಗಲೇ ಒಂದು ದೊಡ್ಡ ಹಂಪ್ ದಾಟಿ. ಕಂಪನಿ ಕೊಡುವ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಕಾರಿನ ತಳಕ್ಕೂ ನಡುವಿನ ಅಂತರ) ಸಾಮಾನ್ಯವಾಗಿ ಖಾಲಿ ಕಾರಿನದ್ದು. ಸೆಡಾನ್ ಉದ್ದ, ತಗ್ಗು, ತುಂಬಿದಾಗ ಹಿಂಭಾಗ ಇನ್ನೂ ಕುಸಿಯುತ್ತದೆ.

ಸಾಧ್ಯವಾದರೆ ಕತ್ತಲಾದ ಮೇಲೆ ಇನ್ನೊಮ್ಮೆ ಓಡಿಸಿ. ಹೆಡ್‌ಲೈಟ್ ಎಲ್‌ಇಡಿ ಅಂದ ಮಾತ್ರಕ್ಕೆ ಒಳ್ಳೆಯದು ಅಂತಲ್ಲ, ಬೆಳಕು ಎಷ್ಟು ದೂರ, ರಸ್ತೆಯ ಅಂಚಿಗೆ ಎಷ್ಟು ಹರಡುತ್ತದೆ ಅನ್ನುವುದು ಕತ್ತಲಲ್ಲೇ ಗೊತ್ತಾಗಬೇಕು. ಬೇಸ್ ಮತ್ತು ಟಾಪ್ ವೇರಿಯಂಟಿನ ದೀಪಗಳೇ ಬೇರೆ ಇರಬಹುದು, ಅದನ್ನೂ ಕೇಳಿ.

ಪ್ರತಿ ಕಾರಿನಿಂದ ಇಳಿದ ಕೂಡಲೇ ಫೋನಿನಲ್ಲಿ ನಾಲ್ಕು ಸಾಲು ಬರೆದಿಡಿ ಅಥವಾ ಮಾತಾಡಿ ರೆಕಾರ್ಡ್ ಮಾಡಿ. ಸಂಜೆಗೆ ಮೂರೂ ಕಾರು ತಲೆಯಲ್ಲಿ ಕಲಸಿಹೋಗುತ್ತವೆ.

ಎಂಟನೇ ಹೆಜ್ಜೆ: ಇಟ್ಟುಕೊಳ್ಳುವಷ್ಟು ಕಾಲದ ಖರ್ಚು

ಕೊಂಡ ಬೆಲೆಯಿಂದ, ನೀವು ಮಾರುವ ಹೊತ್ತಿಗೆ ಸಿಗಬಹುದಾದ ಬೆಲೆ ಕಳೆಯಿರಿ. ಹೊಸ ಕಾರಿನಲ್ಲಿ ಹೆಚ್ಚಿನವರಿಗೆ ಅತಿ ದೊಡ್ಡ ಖರ್ಚು ಇದೇ, ಇಂಧನವಲ್ಲ. ಅದೇ ಕಂಪನಿಯ ಹಿಂದಿನ ಮಾದರಿ ಬಳಸಿದ ಕಾರುಗಳ ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಹೋಗುತ್ತಿದೆ ನೋಡಿದರೆ ಅಂದಾಜು ಸಿಗುತ್ತದೆ. ಅದಕ್ಕೆ ಇಂಧನ, ವಿಮೆ, ಸರ್ವೀಸ್, ಒಂದು ಸೆಟ್ ಟೈರ್ ಸೇರಿಸಿ. ವಾರಂಟಿಯಲ್ಲಿ ವರ್ಷದ ಜೊತೆ ಕಿಲೋಮೀಟರ್ ಮಿತಿಯೂ ಇರುತ್ತದೆ, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ಮುಗೀತು. ಸಾಲ ಮಾಡುವುದಾದರೆ ತಿಂಗಳ ಕಂತು ನೋಡಿ ಸಮಾಧಾನ ಪಡಬೇಡಿ, ಕೊನೆಗೆ ಕಟ್ಟುವ ಒಟ್ಟು ಮೊತ್ತ ಕೇಳಿ.

ಮುಂದಿನ ಬಂಪರ್, ಹೆಡ್‌ಲೈಟ್, ಪಕ್ಕದ ಕನ್ನಡಿ, ಮುಂದಿನ ಗಾಜು, ಈ ನಾಲ್ಕರ ಬೆಲೆಯನ್ನು ಸರ್ವೀಸ್ ಸೆಂಟರಿನಲ್ಲೇ ವಿಚಾರಿಸಿ. ಕ್ಯಾಮೆರಾ, ರೇಡಾರ್ ಇರುವ ಕಾರುಗಳಲ್ಲಿ ಗಾಜು ಬದಲಾಯಿಸಿದರೆ ಕ್ಯಾಮೆರಾವನ್ನು ಮತ್ತೆ ಹೊಂದಿಸುವ ಖರ್ಚೂ ಬರಬಹುದು.

ಒಂಬತ್ತನೇ ಹೆಜ್ಜೆ: ತೀರ್ಮಾನ ಮತ್ತು ಡೆಲಿವರಿ

ಮೊದಲು ಗೆರೆ ಎಳೆದ ಮೂರು ವಿಷಯಗಳಲ್ಲಿ ಒಂದು ಇಲ್ಲದಿದ್ದರೂ ಆ ಕಾರನ್ನು ಅಲ್ಲೇ ಬಿಡಿ. ಉಳಿದವಕ್ಕೆ ನಿಮ್ಮ ಬಳಕೆಯ ಪ್ರಕಾರ ಅಂಕ ಕೊಡಬಹುದು, ಆದರೆ ಒಂದೆರಡು ಅಂಕದ ವ್ಯತ್ಯಾಸಕ್ಕೆ ಅರ್ಥವಿಲ್ಲ. ಅಷ್ಟು ಹತ್ತಿರ ಬಂದಿದ್ದರೆ ಹಿಂದಿನ ಸೀಟಿನಲ್ಲಿ ಕೂತವರಿಗೆ ಯಾವುದು ಇಷ್ಟವಾಯಿತೋ ಅದು, ಇಲ್ಲವೇ ಮನೆಗೆ ಹತ್ತಿರ ಒಳ್ಳೆಯ ಸರ್ವೀಸ್ ಇರುವುದು. ನಾನಾದರೆ ಸರ್ವೀಸ್ ಕಡೆ ವಾಲುತ್ತೇನೆ.

ಬುಕ್ ಮಾಡುವಾಗ ಎಂಜಿನ್, ಗೇರ್‌ಬಾಕ್ಸ್, ಚಕ್ರದ ಅಳತೆ, ತಯಾರಾದ ವರ್ಷ ಎಲ್ಲ ಬರವಣಿಗೆಯಲ್ಲಿ ಇರಲಿ. ಕಾರು ಬಂದ ದಿನ ಹಗಲು ಬೆಳಕಿನಲ್ಲಿ ಹೋಗಿ. ಬಣ್ಣ, ಬಾಗಿಲುಗಳ ಸಂದಿ, ಓಡೋಮೀಟರ್ ನೋಡಿ, ಚಾಸಿ ನಂಬರ್ ಕಾಗದದ ಜೊತೆ ತಾಳೆ ಹಾಕಿ. ಟೈರಿನ ಪಕ್ಕದಲ್ಲಿ ಡಿಒಟಿ (DOT) ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 3525 ಅಂತಿದ್ದರೆ 2025ರ 35ನೇ ವಾರದಲ್ಲಿ ತಯಾರಾದ ಟೈರ್ ಅಂತ ಅರ್ಥ. ನಾಲ್ಕೂ ಟೈರ್, ಜೊತೆಗೆ ಸ್ಟೆಪ್ನಿ ನೋಡಿ. ತುಂಬಾ ಹಳೆಯದ್ದು ಕಂಡರೆ ನೋಂದಣಿ ಆಗುವ ಮುಂಚೆಯೇ ಬದಲಾಯಿಸಲು ಹೇಳಿ, ಆಮೇಲೆ ಹೇಳಿದರೆ ಕೇಳುವವರು ಕಮ್ಮಿ.